ಬಲೆ ತುಂಬಿತ್ತು, ಕಡಲು ಖಾಲಿಯಾಗಿತ್ತು

ಪ್ರತಿ ಸೋಮವಾರ ನಮ್ಮ ಆಫೀಸಿನ ಮೀಟಿಂಗಿನಲ್ಲಿ ಒಂದು ಗ್ರಾಫ್ ತೋರಿಸ್ತಾರೆ. ಗೆರೆ ಬೀಳದೆ ನಿಂತಿದ್ದರೆ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಕಾಡ್ ಮೀನು ನೆನಪಾಗುತ್ತೆ. ನಮ್ಮ ಕಾಡಿಗೂ ಇದಕ್ಕೂ ಸಂಬಂಧವಿಲ್ಲ. ಇದು ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಮೀನು, ನಮ್ಮ ಕರಾವಳಿಯ ಬಲೆಗೆ ಬೀಳುವಂಥದ್ದಲ್ಲ.

ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಜನ ಸುಮಾರು ಐನೂರು ವರ್ಷ ಈ ಮೀನನ್ನು ನಂಬಿಕೊಂಡೇ ಬದುಕಿದರು. 1968ರಲ್ಲಿ, ವಿದೇಶಿ ಹಡಗುಗಳೂ ಸೇರಿ, ಅಲ್ಲಿ ಹಿಡಿದ ಕಾಡ್ 8 ಲಕ್ಷ ಟನ್ ದಾಟಿತ್ತು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿಯವರೆಗಿನ ಕಡಲು ತನ್ನದು ಅಂತ ಗೆರೆ ಎಳೆಯಿತು. ಪರದೇಶದವರು ಆಚೆ ಹೋದರು. ಆ ಜಾಗಕ್ಕೆ ಸ್ವದೇಶಿ ಟ್ರಾಲರ್‌ಗಳು ಬಂದವು, ಅಷ್ಟೇ.

ಕಡಲಲ್ಲಿ ಎಷ್ಟು ಮೀನಿದೆ ಅಂತ ಎಣಿಸೋದು ಹೇಗೆ? ಇಲಾಖೆ ಎರಡು ಲೆಕ್ಕ ಇಟ್ಟುಕೊಂಡಿತ್ತು. ಒಂದು, ಸಂಶೋಧನಾ ಹಡಗಿನ ಸಮೀಕ್ಷೆ. ಇನ್ನೊಂದು, ಟ್ರಾಲರ್ ಗಂಟೆಗೆ ಎಷ್ಟು ಮೀನು ಹಿಡಿಯುತ್ತೆ ಅನ್ನೋದು. ಎರಡನೆಯದು ಚೆನ್ನಾಗೇ ಕಾಣ್ತಿತ್ತು. ಯಾಕೆ ಕಾಣಲ್ಲ ಹೇಳಿ? ಟ್ರಾಲರ್ ಕುರುಡಾಗಿ ಬಲೆ ಬೀಸೋದಿಲ್ಲ. ಸೋನಾರ್ ಹಿಡಿದು ಮೀನು ಗುಂಪುಗೂಡಿದ ಕಡೆಗೇ ಹೋಗುತ್ತೆ. ಸಂಖ್ಯೆ ಕುಸಿದಾಗ ಉಳಿದ ಕಾಡ್‌ಗಳು ಇನ್ನಷ್ಟು ಒತ್ತಾಗಿ ಸೇರಿದವು. ಹಾಗಾಗಿ ಕಡಲು ಬರಿದಾಗ್ತಿದ್ದರೂ ಬಲೆ ತುಂಬ್ತಿತ್ತು.

ದಡದ ಹತ್ತಿರ ಬಲೆ ಕಟ್ಟಿ ಕಾಯುವ ಸಣ್ಣ ಮೀನುಗಾರರಿಗೆ ಸತ್ಯ ಮೊದಲೇ ಗೊತ್ತಾಗಿತ್ತು. ಅವರು ಮೀನನ್ನು ಹುಡುಕಿಕೊಂಡು ಹೋಗುವವರಲ್ಲ, ಮೀನೇ ಅವರ ಬಳಿ ಬರಬೇಕು. ಬರೋದು ಕಡಿಮೆಯಾಗಿತ್ತು, ಬಂದದ್ದೂ ಚಿಕ್ಕದು. ಎಂಬತ್ತರ ದಶಕದುದ್ದಕ್ಕೂ ಹೇಳ್ತಾನೇ ಇದ್ದರು. ಕೊನೆಗೆ ವಿಜ್ಞಾನಿಗಳ ಲೆಕ್ಕವೂ ತಿರುಗಿತು. 1989ಕ್ಕೆ 1,25,000 ಟನ್ ಮೀರಬೇಡಿ ಅಂದರು. ಸರ್ಕಾರ 2,35,000 ಟನ್‌ಗೆ ಒಪ್ಪಿಗೆ ಕೊಟ್ಟಿತು. 1992ರ ಜುಲೈ 2ರಂದು ಕಾಡ್ ಹಿಡಿಯೋದನ್ನೇ ನಿಷೇಧಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು.

ಆಮೇಲೆ ಎಲ್ಲ ಕಡೆ ನಡೆಯುವುದೇ ಅಲ್ಲೂ ನಡೆಯಿತು: ತಪ್ಪು ಯಾರದು? ನೀರು ತಣ್ಣಗಾಯ್ತು ಅಂದರು, ಸೀಲ್‌ಗಳು ತಿಂದವು ಅಂದರು. ಅದೇ ಇಲಾಖೆಯಲ್ಲಿ ರ‍್ಯಾನ್ಸಮ್ ಮಯರ್ಸ್ ಅನ್ನೋ ವಿಜ್ಞಾನಿ ಇದ್ದರು. ಅಮೆರಿಕದ ಮಿಸಿಸಿಪ್ಪಿಯವರು, ಭೌತಶಾಸ್ತ್ರ ಮತ್ತು ಗಣಿತ ಓದಿ ಮೀನಿನ ಕಡೆ ಬಂದವರು. ಜೆಫ್ರಿ ಹಚಿಂಗ್ಸ್ ಜೊತೆ ಹಳೆಯ ದಾಖಲೆ ಕೆದಕಿ 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಿಂದೆಯೂ ಇಷ್ಟೇ ಚಳಿ ಬಿದ್ದಿತ್ತು, ಆಗ ಕಾಡ್ ಬದುಕಿತ್ತು. ಹಾಗಾದರೆ ಕಾರಣ ಅತಿಯಾಗಿ ಹಿಡಿದದ್ದೇ ಅನ್ನೋದು ಅವರ ವಾದ. ಮರುವರ್ಷ ಅದನ್ನೇ ಪತ್ರಿಕೆಗೆ ಬಿಡಿಸಿ ಹೇಳಿದ್ದಕ್ಕೆ ಇಲಾಖೆ ಅವರಿಗೆ ಛೀಮಾರಿ ಹಾಕಿತು. 1997ರಲ್ಲಿ ಅವರು ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು.

ಕಥೆ ಇಲ್ಲಿಗೇ ನಿಲ್ಲಿಸಿದ್ದರೆ ಮಯರ್ಸ್ ನನಗೆ ಬರೀ ಹೀರೋ ಆಗಿರ್ತಿದ್ದರು. 2003ರಲ್ಲಿ ಅವರು ಬೋರಿಸ್ ವರ್ಮ್ ಜೊತೆ 'ನೇಚರ್' ಪತ್ರಿಕೆಯಲ್ಲಿ, ಕಡಲಿನ ದೊಡ್ಡ ಬೇಟೆಗಾರ ಮೀನುಗಳಲ್ಲಿ ಉಳಿದಿರೋದು ಸುಮಾರು ಹತ್ತರಲ್ಲಿ ಒಂದು ಪಾಲು ಅಂತ ಬರೆದರು. ಜಗತ್ತು ಬೆಚ್ಚಿತು. ಆದರೆ ಕೆಲವು ವಿಜ್ಞಾನಿಗಳು ಒಪ್ಪಲಿಲ್ಲ. ಯಾಕೆ ಗೊತ್ತಾ? ಆ ಲೆಕ್ಕದ ದೊಡ್ಡ ಭಾಗ ನಿಂತಿದ್ದು ಜಪಾನಿ ಹಡಗುಗಳು 100 ಗಾಳಕ್ಕೆ ಎಷ್ಟು ಮೀನು ಹಿಡಿದವು ಅನ್ನೋದರ ಮೇಲೆ. ಅಂದರೆ ಮತ್ತೆ ಮೀನು ಹಿಡಿಯುವವರದೇ ಲೆಕ್ಕ! ದೊಡ್ಡ ಮೀನು ಕಡಿಮೆಯಾಗಿದೆ ಅನ್ನೋದರಲ್ಲಿ ತಕರಾರಿರಲಿಲ್ಲ, ಎಷ್ಟು ಅನ್ನೋದರಲ್ಲಿತ್ತು. ನನ್ನ ಕಣ್ಣಲ್ಲಿ ಮಯರ್ಸ್ ಇದರಿಂದ ಸಣ್ಣವರಾಗಲಿಲ್ಲ. ಇಲಾಖೆಯ ಅಂಕಿಗೆ ಹಾಕಿದ ಪ್ರಶ್ನೆಯನ್ನೇ ಅವರ ಅಂಕಿಗೂ ಹಾಕಿದರು, ಅದು ಸರಿಯೇ.

ಮಯರ್ಸ್ 2007ರಲ್ಲಿ, 54ನೇ ವಯಸ್ಸಿಗೇ ತೀರಿಕೊಂಡರು. ನಿಷೇಧವನ್ನು ಕೆನಡಾ ತೆಗೆದದ್ದು 2024ರಲ್ಲಿ, 32 ವರ್ಷದ ಮೇಲೆ. ಅದೂ 18,000 ಟನ್ ಮಿತಿಯೊಳಗೆ.

ಈಗ ಸೋಮವಾರದ ಮೀಟಿಂಗಿನಲ್ಲಿ ನಾನು ಒಂದು ಪ್ರಶ್ನೆ ಕೇಳೋಕೆ ಶುರು ಮಾಡಿದೀನಿ: ಈ ಅಂಕಿ ಎಲ್ಲಿ ನಿಂತು ಎಣಿಸಿದ್ದು, ಹಡಗಿನ ಮೇಲೋ ದಡದಲ್ಲೋ? ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.