ಕಾರ್ಟ್ರಿಜ್‌ಗಳಲ್ಲಿ ಮೇಲು ಕೀಳು

ರೆಕಾರ್ಡುಗಳಿಗೆ ಮತ್ತೆ ಬೇಡಿಕೆ ಬಂದಂತೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಹಬ್ಬಿದೆ: ಸೆರಾಮಿಕ್ ಕಾರ್ಟ್ರಿಜ್ ಕಾಸಿಲ್ಲದವರದು, ಮೂವಿಂಗ್ ಮ್ಯಾಗ್ನೆಟ್ ಹೊಸಬರದು, ಮೂವಿಂಗ್ ಕಾಯಿಲ್ ಬಲ್ಲವರದು. ಯಾವುದು ಯಾವಾಗ ಬಂತೆಂದು ನೋಡಿದರೇ ಈ ಶ್ರೇಣಿ ಕುಸಿಯುತ್ತದೆ.

ಉಕ್ಕಿನ ಮುಳ್ಳು ಅಭ್ರಕದ ಪೊರೆಯನ್ನು ನೇರವಾಗಿ ಅದುರಿಸುತ್ತಿದ್ದ ಗ್ರಾಮಫೋನಿನ ಕಾಲವನ್ನು ಇಲ್ಲಿ ಬಿಡುತ್ತೇನೆ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಶುರುವಾಯಿತು. 30ರ ದಶಕದಲ್ಲಿ ರೋಶೆಲ್ ಲವಣದ ಹರಳಿನ ಕಾರ್ಟ್ರಿಜ್ ಬಂತು. ಹರಳು ಬಾಗಿದರೆ ವಿದ್ಯುತ್ ಹುಟ್ಟುತ್ತದೆ. ಆದರೆ ಬಿಸಿಯೂ ತೇವವೂ ಅದಕ್ಕಾಗದು, ನಮ್ಮ ಕರಾವಳಿಯ ಮಳೆಗಾಲವಂತೂ ಬೇಡವೇ ಬೇಡ. ಮುಂದೆ ಅದರ ಜಾಗಕ್ಕೆ ಸೆರಾಮಿಕ್ ಬಂತು.

ಕೊಲಂಬಿಯಾ ಎಲ್‌ಪಿ ಹೊರತಂದ 1948ರಲ್ಲೇ ಡೆನ್ಮಾರ್ಕಿನ ಆರ್ಟೋಫೋನ್ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಮಾಡಿತ್ತು. ಶೂರ್ ಕಂಪನಿಯ ಸ್ಟೀರಿಯೋ ಮೂವಿಂಗ್ ಮ್ಯಾಗ್ನೆಟ್ ಎಂ3ಡಿ ಬಂದದ್ದು 1958ರಲ್ಲಿ. ಹೊಸಬರದೆನ್ನುವ ವಿಧವೇ ಹತ್ತು ವರ್ಷ ಈಚಿನದು! ಕಾಯಿಲ್ ವಿಧದಲ್ಲಿ ಮುಳ್ಳಿನೊಂದಿಗೆ ತಂತಿಯ ಸುರುಳಿ ಅಲುಗುತ್ತದೆ. ಹಗುರವಾಗಿರಲೆಂದು ಸುತ್ತು ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಸಿಗುವುದು ಅರ್ಧ ಮಿಲಿವೋಲ್ಟಿನ ಒಳಗೆ. ಮ್ಯಾಗ್ನೆಟ್ ವಿಧದಲ್ಲಿ ಸುರುಳಿ ನಿಂತಿದ್ದು ಪುಟ್ಟ ಅಯಸ್ಕಾಂತ ಅಲುಗುತ್ತದೆ. ಮೂರರಿಂದ ಐದು ಮಿಲಿವೋಲ್ಟ್ ಸಿಗುತ್ತದೆ. ಸವೆದ ಮುಳ್ಳನ್ನು ಮನೆಯಲ್ಲೇ ಕಿತ್ತು ಹೊಸದು ಹಾಕಬಹುದು. ಕಾಯಿಲ್ ವಿಧದಲ್ಲಿ ಸಾಮಾನ್ಯವಾಗಿ ಇಡೀ ಕಾರ್ಟ್ರಿಜ್ಜೇ ತಯಾರಕರ ಬಳಿಗೆ ಹೋಗಬೇಕು. ಮುಳ್ಳನ್ನು ತಾನೇ ಬದಲಿಸುವುದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ಕೇಳುಗನಿಗೆ ಈ ಕ್ಷೇತ್ರ ಕೊಟ್ಟಿಲ್ಲ.

ನಮ್ಮ ತಲೆಮಾರು ಕಿವಿ ತೆರೆದದ್ದು 70ರ ದಶಕದಲ್ಲಿ. 1973ರ ಶೂರ್ ವಿ15 ಟೈಪ್ 3 ಸುಮಾರು ಒಂದು ಗ್ರಾಂ ಭಾರದಲ್ಲೇ ಗೆರೆಯನ್ನು ಬಿಡದೆ ಹಿಡಿಯುತ್ತಿತ್ತು. ಜಪಾನಿನ ಡೆನಾನ್ ಡಿಎಲ್-103 ಎರಡೂವರೆ ಗ್ರಾಂ ಕೇಳುವ ಬಿಗಿ ಮೈಯ ಮೂವಿಂಗ್ ಕಾಯಿಲ್. ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡದ್ದು. ಡಿಎಲ್-103 ಹೊರಲು ಭಾರದ ತೋಳು ಬೇಕು, ವಿ15ಕ್ಕೆ ಹಗುರ ತೋಳು. ತೋಳಿನ ತೂಕವೂ ಕಾರ್ಟ್ರಿಜ್ಜಿನ ಮೆದುತನವೂ ಕೂಡಿದಾಗ ಅನುರಣನೆ 8ರಿಂದ 12 ಹರ್ಟ್ಜ್ ನಡುವೆ ಬೀಳಬೇಕು. ಬಿದ್ದಿತೋ ಇಲ್ಲವೋ ನೋಡದೆ ದುಬಾರಿ ಕಾಯಿಲ್ ಕೊಳ್ಳುವುದು ಹಣ ದಂಡ.

ಅದೇ ದಶಕದಲ್ಲಿ ನಾಲ್ಕು ಚಾನೆಲ್ಲಿನ ಸಿಡಿ-4 ರೆಕಾರ್ಡುಗಳಿಗಾಗಿ ಶಿಬಾತಾ ಎಂಬ ಆಕಾರದ ಮುಳ್ಳಿನ ತುದಿ ಬಂತು. ಸಿಡಿ-4 ಮರೆಯಾಯಿತು, ತುದಿ ಉಳಿಯಿತು. ಗೆರೆಯ ಸೂಕ್ಷ್ಮ ಏರಿಳಿತಗಳನ್ನು ಓದುವುದು ಈ ತುದಿಯೇ. ಕಾಯಿಲೋ ಮ್ಯಾಗ್ನೆಟ್ಟೋ ಎಂಬುದು ಆಮೇಲಿನ ಪ್ರಶ್ನೆ.

ಸೆರಾಮಿಕ್ಕನ್ನು ಈಗಿನ ಬರಹಗಳು ರೆಕಾರ್ಡು ಕೆಡಿಸುವ ವಸ್ತುವೆಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅದು ಮುಳ್ಳಿನ ವೇಗಕ್ಕಲ್ಲ, ಸರಿದ ದೂರಕ್ಕೆ ಸ್ಪಂದಿಸುತ್ತದೆ. ಹಾಗಾಗಿ ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರ ಬಹುಪಾಲು ತಾನಾಗಿ ಸರಿಹೋಗುತ್ತದೆ. ನೂರಾರು ಮಿಲಿವೋಲ್ಟ್ ಕೊಡುವುದರಿಂದ ಪ್ರತ್ಯೇಕ ಫೋನೋ ಪ್ರೀಆಂಪ್ ಬೇಡ. ಸೂಟ್‌ಕೇಸ್ ಪ್ಲೇಯರು ನಮ್ಮ ಮನೆಗಳಿಗೆ ಬಂದದ್ದು ಇದರ ಬಲದಿಂದ. ಭಾರ ಹೆಚ್ಚು, ನಿಜ. ಆದರೆ ಬೇಗ ಸವೆಯುವ ನೀಲಮಣಿಯ ತುದಿಯನ್ನು ಬದಲಿಸದೆ ವರ್ಷಗಟ್ಟಲೆ ಓಡಿಸಿದ ಹಾನಿಯನ್ನೂ ಸೆರಾಮಿಕ್ ಖಾತೆಗೇ ಬರೆಯುತ್ತಾರೆ. ಆ ಮನೆಗಳ ರೆಕಾರ್ಡುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಭಾರದಿಂದಾದದ್ದೆಷ್ಟು, ಸವೆದ ತುದಿಯಿಂದಾದದ್ದೆಷ್ಟು ಎಂದು ಬೇರ್ಪಡಿಸಿ ನೋಡುವ ಕೆಲಸ ಮೊದಲು ಆಗಲಿ.