ಸಾಂಬ್ರಾ: ಗಡಿಸೀಮೆಯ ವಿಮಾನ ನಿಲ್ದಾಣ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ವಿಮಾನಯಾನದ ಇತಿಹಾಸವು ಎರಡು ಹಳೆಯ ನಿಲ್ದಾಣಗಳ ನಡುವೆ ಹಂಚಿಹೋಗಿದೆ. ಒಂದು, ಛತ್ರಪತಿ ರಾಜಾರಾಮ ಮಹಾರಾಜರ ಆಳ್ವಿಕೆಯಲ್ಲಿ 1939ರಲ್ಲಿ ಆರಂಭವಾದ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣ. ನಿಪ್ಪಾಣಿಯವರಿಗೆ ಇದೇ ಹತ್ತಿರ. ಇನ್ನೊಂದು, ಜಿಲ್ಲಾ ಕೇಂದ್ರವಾದ ಬೆಳಗಾವಿಯ ಸಾಂಬ್ರಾ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರ ವಾಯುಪಡೆಯು ತರಬೇತಿಗೆಂದು ಕಟ್ಟಿದ ಸಾಂಬ್ರಾ ನೆಲೆಯು ಬರ್ಮಾ ರಂಗದಲ್ಲಿ ಹೋರಾಡುತ್ತಿದ್ದ ಪಡೆಗಳಿಗೆ ತುರ್ತು ಇಳಿದಾಣವಾಗಿಯೂ ಒದಗಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ, ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ಯುದ್ಧವಿಮಾನಗಳು ಇಲ್ಲಿಂದಲೇ ಹಾರಿದ್ದವು. ವಾಯುಪಡೆಯ ತರಬೇತಿ ಶಾಲೆ ಇಂದಿಗೂ ಇಲ್ಲಿಯೇ ಇರುವುದರಿಂದ ಸಾಂಬ್ರಾದ ಸೈನಿಕ ಚಹರೆ ಪೂರ್ತಿ ಅಳಿದಿಲ್ಲ.

ನಾಗರಿಕ ಸೌಲಭ್ಯಗಳು ಮಾತ್ರ ತಡವಾಗಿ ಬಂದವು. ವಿಮಾನವು ಏರಲು, ಇಳಿಯಲು ಓಡುವ ಪಥವಾದ ರನ್‌ವೇಯನ್ನು 1,830 ಮೀಟರ್‌ನಿಂದ 2,300 ಮೀಟರ್‌ಗೆ ಹಿಗ್ಗಿಸಿದ ಮೇಲೆ ಏರ್‌ಬಸ್, ಬೋಯಿಂಗ್ ಜಾತಿಯ ಜೆಟ್ ವಿಮಾನಗಳಿಗೂ ಅವಕಾಶವಾಯಿತು. ಸುಮಾರು 3,600 ಚದರ ಮೀಟರ್ ವಿಸ್ತೀರ್ಣದ ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೆ ಕಟ್ಟಡವಿದ್ದ ಮಾತ್ರಕ್ಕೆ ವಿಮಾನ ಬರುವುದಿಲ್ಲ. ಸಣ್ಣ ಊರುಗಳ ಹಾರಾಟಕ್ಕೆ ಸರ್ಕಾರವೇ ನಷ್ಟ ತುಂಬಿಕೊಟ್ಟು, ನಿಗದಿತ ಸಂಖ್ಯೆಯ ಆಸನಗಳ ದರಕ್ಕೆ ಮಿತಿ ಹಾಕುವ ‘ಉಡಾನ್’ ಯೋಜನೆಯ ಮೂರನೆಯ ಸುತ್ತಿಗೆ 2019ರಲ್ಲಿ ಬೆಳಗಾವಿ ಸೇರಿದ ಬಳಿಕವೇ ಸಂಚಾರ ಚುರುಕಾಯಿತು.

ಸಾಂಬ್ರಾ ದೇಶೀಯ ನಿಲ್ದಾಣವಾಗಿಯೇ ಬೆಳೆದದ್ದರಿಂದ ವಿದೇಶಕ್ಕೆ ಹೊರಟ ಅಥಣಿಯವರು ಗೋವಾ, ಮುಂಬಯಿ ಅಥವಾ ಬೆಂಗಳೂರಿನ ದಾರಿಯನ್ನೇ ಹಿಡಿಯಬೇಕಾಗಿ ಬಂದಿದೆ.