ಪಾಠಾಂತರ ರಕ್ಷಣೆಯ ಎರಡು ಮಾರ್ಗಗಳು: ಸದಲಗೆಯ ಉಪಾಧ್ಯೆಯವರ ಗ್ರಂಥಶೋಧನವೂ ‘ಗಿಟ್’ ತಂತ್ರಾಂಶದ ಸುಧಾರಣೆಗಳೂ

೧

ಗ್ರಂಥವನ್ನು ತಿದ್ದುವ ಅಧಿಕಾರವು ಯಾರಿಗೆ ಉಂಟು, ತಿದ್ದಿದವನು ತಾನು ತಿದ್ದಿದುದನ್ನು ಮುಂದಿನವರಿಗೆ ಯಾವ ರೀತಿಯಿಂದ ತಿಳಿಸತಕ್ಕದ್ದು ಎಂಬ ಪ್ರಶ್ನೆಯು ವಿದ್ವಾಂಸರಿಗೆ ಹೊಸದಲ್ಲ. ಆದರೆ ಹಸ್ತಪ್ರತಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ಊರೂರಿಗೆ ಹಬ್ಬಿರುವ ಈ ಕಾಲದಲ್ಲಿ ಅದು ಮತ್ತೊಮ್ಮೆ ತಲೆಯೆತ್ತಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಬಸದಿಗಳೂ ಮಠಗಳೂ ಹಳೆಯ ಮನೆತನಗಳೂ ಕಾಪಾಡಿಕೊಂಡು ಬಂದ ಓಲೆ, ಕಡತ, ಕೈಬರಹದ ವಹಿಗಳ ಗತಿಯು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವದು.

ಬರವಣಿಗೆಯ ಆಧಾರಗಳು ಮೂರು ವಿಧವಾಗಿವೆ. ಮೊದಲನೆಯದು ಶಿಲೆ. ಕಾಗವಾಡದ ಜೈನ ಬಸದಿಯ ನೆಲಮಾಳಿಗೆಯಲ್ಲಿ ೧೩೯೪ರ ಶಾಸನವೊಂದಿದೆ. ಯಾಪನೀಯ ಸಂಘವನ್ನು ಹೆಸರಿಸುವ ಶಾಸನಗಳಲ್ಲಿ ಅದು ಅತಿ ಈಚಿನವುಗಳೊಳಗೆ ಒಂದು. ಅದನ್ನು ತಿದ್ದಬೇಕಾದರೆ ಉಳಿಯಿಂದ ಕೆತ್ತಿ ತೆಗೆಯಬೇಕು. ಕೆತ್ತಿದ ಗಾಯವು ಕಣ್ಣಿಗೆ ಕಾಣದೆ ಇರದು. ಎರಡನೆಯದು ಓಲೆ. ಓಲೆಯನ್ನು ಪ್ರತಿಮಾಡುವ ಲಿಪಿಕಾರನು ಪ್ರಮಾದದಿಂದಾಗಲಿ ಪಾಂಡಿತ್ಯದಿಂದಾಗಲಿ ಪಾಠವನ್ನು ಬದಲಿಸಬಲ್ಲನು. ಆದರೆ ಆತನು ನೋಡಿದ ಮಾತೃಕೆಯು ಬೇರೊಂದು ಕಡೆಯಲ್ಲಿ ಉಳಿದಿರಬಹುದೆಂಬ ಆಸೆಯಾದರೂ ಉಂಟು. ಮೂರನೆಯದು ಗಣಕಯಂತ್ರದ ಕಡತ. ಇಲ್ಲಿ ತಿದ್ದಿ ಉಳಿಸಿದೊಡನೆ ಮೊದಲಿನ ಪಾಠವು ಗಾಯವಿಲ್ಲದೆ ಮಾಯವಾಗುವದು.

ಇದು ಕೇವಲ ತರ್ಕದ ಮಾತಲ್ಲ. ಈ ಲೇಖಕನೇ ಮಾಡಿದ ಅಪರಾಧದಿಂದ ಕಲಿತದ್ದು. ಅಥಣಿ ತಾಲೂಕಿನ ಕೃಷ್ಣಾತೀರದ ಹಳ್ಳಿಯೊಂದರ ಭಜನೆಯ ಮೇಳದವರು ತತ್ತ್ವಪದಗಳ ಕೈಬರಹದ ವಹಿಯೊಂದನ್ನು ನನಗೆ ಓದಲು ಕೊಟ್ಟಿದ್ದರು. ಅದನ್ನು ಗಣಕಯಂತ್ರಕ್ಕೆ ಇಳಿಸಿದೆನು. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಕಲಿತ ಅಹಂಕಾರದಿಂದ, ‘ಬಂದಾನ’ ಎಂದಿದ್ದಲ್ಲಿ ‘ಬಂದಿದ್ದಾನೆ’ ಎಂದೂ, ‘ಹೋಗ್ಯಾನ’ ಎಂದಿದ್ದಲ್ಲಿ ‘ಹೋಗಿದ್ದಾನೆ’ ಎಂದೂ ಅದೇ ಕಡತದಲ್ಲಿ ತಿದ್ದುತ್ತ ಹೋದೆನು. ವಹಿಯನ್ನು ಮರಳಿ ಒಪ್ಪಿಸಿದೆನು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ಆ ವಹಿಯು ನೀರುಪಾಲಾಯಿತು. ಮರುವರ್ಷ ನನ್ನ ಶುದ್ಧಪ್ರತಿಯನ್ನು ಮೇಳದ ಹಿರಿಯರ ಮುಂದೆ ಓದಿದಾಗ ಅವರು, “ಶಾಸ್ತ್ರಿಗಳೇ, ಇದು ತಾಳಕ್ಕ ಕೂಡೂದಿಲ್ಲರಿ, ನಾವು ಹಿಂಗ ಹಾಡೂದಿಲ್ಲ” ಎಂದರು. ಕ್ರಿಯಾಪದಗಳನ್ನು ನೆನಪಿನಿಂದ ಸರಿಪಡಿಸಬಹುದಾಗಿತ್ತು. ಆದರೆ ಎಲ್ಲೆಲ್ಲಿ ನಾನು ಕೈಹಾಕಿದ್ದೆನು, ಎಲ್ಲೆಲ್ಲಿ ಇಲ್ಲ ಎಂಬುದೇ ನನಗೆ ನೆನಪಿರಲಿಲ್ಲ. ಹಾಡುವವರ ಬಾಯಲ್ಲಿಲ್ಲದ ಪದಗಳ ಮೂಲಪಾಠವು ಶಾಶ್ವತವಾಗಿ ಹೋಯಿತು. ನೀರು ಕೆಡಿಸಿದ್ದು ಅರ್ಧ, ನಾನು ಕೆಡಿಸಿದ್ದು ಅರ್ಧ.

೨

ಇದೇ ನೆಲದಲ್ಲಿ ಹುಟ್ಟಿದ ಮಹಾವಿದ್ವಾಂಸರೊಬ್ಬರು ಇಂಥ ಅಪರಾಧ ಘಟಿಸದಂತೆ ನಡೆಯುವ ಮಾರ್ಗವನ್ನು ಬಹು ಮೊದಲೇ ತೋರಿಸಿದ್ದರೆಂಬುದು ನನ್ನ ನಾಚಿಕೆಯನ್ನು ಹೆಚ್ಚಿಸುವದು. ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ ೧೯೦೬ರಲ್ಲಿ ಜನಿಸಿದರು. ೧೯೩೦ರಿಂದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿದ್ದು, ಪ್ರಾಕೃತ, ಅಪಭ್ರಂಶ, ಸಂಸ್ಕೃತ ಗ್ರಂಥಗಳ ಸಂಶೋಧಿತ ಆವೃತ್ತಿಗಳನ್ನು ಒಂದರ ಹಿಂದೊಂದು ಹೊರತಂದರು. ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವು ಅವರನ್ನು ಅರಸಿ ಬಂದಿತು. ೧೯೭೫ರಲ್ಲಿ ದಿವಂಗತರಾದರು.

ಅವರು ೧೯೩೫ರಲ್ಲಿ ಪ್ರಕಟಿಸಿದ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ನೋಡಬೇಕು. ಆ ಗ್ರಂಥಕ್ಕೆ ಅಮೃತಚಂದ್ರಸೂರಿಯೂ ಜಯಸೇನಾಚಾರ್ಯನೂ ಸಂಸ್ಕೃತದಲ್ಲಿ ಟೀಕೆ ಬರೆದಿದ್ದಾರೆ. ಅಮೃತಚಂದ್ರನು ವ್ಯಾಖ್ಯಾನಿಸಿದ ಗಾಹೆಗಳು ೨೭೫. ಜಯಸೇನನ ಪಾಠದಲ್ಲಿ ೩೧೧. ಈ ೩೬ ಗಾಹೆಗಳ ಅಂತರವನ್ನು ಕಂಡ ಸಂಪಾದಕನಿಗೆ ಎರಡು ಸುಲಭ ದಾರಿಗಳಿರುವವು: ಅಧಿಕವಾದವನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕುವದು, ಇಲ್ಲವೆ ಸದ್ದಿಲ್ಲದೆ ಸೇರಿಸಿಬಿಡುವದು. ಉಪಾಧ್ಯೆಯವರು ಎರಡನ್ನೂ ಮಾಡಲಿಲ್ಲ. ಪ್ರಸ್ತಾವನೆಯಲ್ಲಿ ಅವುಗಳ ವಿಚಾರಮಾಡಿ, ಎರಡೂ ಪಾಠಪರಂಪರೆಗಳು ವಾಚಕನ ಕಣ್ಣಮುಂದಿರುವಂತೆ ಇರಿಸಿದರು. ೧೯೩೭ರ ಪರಮಾತ್ಮಪ್ರಕಾಶದಲ್ಲಿ ಕನ್ನಡ ಲಿಪಿಯ ಪ್ರತಿಗಳನ್ನೂ ತಾಳೆನೋಡಿ, ಹಿರಿಯ ಪಾಠ, ಕಿರಿಯ ಪಾಠಗಳೆಂಬ ಭೇದವನ್ನು ಇದೇ ರೀತಿಯಿಂದ ವಿವೇಚಿಸಿದರು. ಸಂಪಾದಕನ ನಿರ್ಣಯವು ತಪ್ಪಾಗಿದ್ದರೂ ಆ ತಪ್ಪನ್ನು ತೋರಿಸಲು ಬೇಕಾದ ಸಾಮಗ್ರಿಯು ಅದೇ ಪುಸ್ತಕದಲ್ಲಿ ಇರುವದು. ಸಂಶೋಧಿತ ಆವೃತ್ತಿಯ ಪ್ರಾಣವು ಇದೇ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಆವೃತ್ತಿಯಲ್ಲಿಯೂ ಪುಟದ ಮೇಲ್ಭಾಗದಲ್ಲಿ ಅಂಗೀಕೃತ ಪಾಠ, ಕೆಳಗೆ ತಿರಸ್ಕೃತ ಪಾಠಗಳು ಎಂಬ ಇದೇ ಧರ್ಮವು ಪಾಲಿತವಾಗಿದೆ.

ಷಟ್ಖಂಡಾಗಮದ ಧವಲಾ ಟೀಕೆಯ ಕಥೆಯು ಇನ್ನೊಂದು ಪಾಠವನ್ನು ಕಲಿಸುವದು. ಆ ಗ್ರಂಥವು ಶತಮಾನಗಳವರೆಗೆ ಮೂಡಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಮಾತ್ರ ಉಳಿದಿತ್ತು. ಪ್ರತಿಮಾಡುವ ಕಾರ್ಯ ನಡೆದಾಗ ಒಂದು ಪ್ರತಿಯು ಗುಪ್ತವಾಗಿ ಹೊರಬಿದ್ದಿತು; ಅದರಿಂದ ಪ್ರತಿಗಳೂ, ಪ್ರತಿಗಳ ಪ್ರತಿಗಳೂ ಹುಟ್ಟಿದವು. ಹೀರಾಲಾಲ ಜೈನರು ಉಪಾಧ್ಯೆಯವರೇ ಮೊದಲಾದವರ ಸಹಾಯದಿಂದ ೧೯೩೯ರಲ್ಲಿ ಮೊದಲನೆಯ ಸಂಪುಟವನ್ನು ಪ್ರಕಟಿಸಿದ್ದು ಈ ಪ್ರತಿಗಳಿಂದಲೇ. ಮೂಡಬಿದಿರೆಯ ಓಲೆಗಳೊಡನೆ ತಾಳೆನೋಡುವ ಅವಕಾಶವು ಮುಂದೆ ದೊರೆಯಿತು. ೧೬ ಸಂಪುಟಗಳು ಪೂರ್ಣವಾದವು. ಒಂದೇ ಕಡೆಯಲ್ಲಿರುವ ಗ್ರಂಥವು ಒಂದೇ ಬೆಂಕಿಗೆ, ಒಂದೇ ಪ್ರವಾಹಕ್ಕೆ ಆಹುತಿಯಾಗಬಲ್ಲದು. ಹಲವು ಕಡೆ ಹಬ್ಬಿದ್ದು ತಪ್ಪುಗಳೊಡನೆಯಾದರೂ ಬದುಕುವದು.

೩

ಗಣಕಯಂತ್ರದ ಕ್ರಮಲೇಖಗಳನ್ನು ಬರೆಯುವವರಿಗೂ ನಮ್ಮ ಲಿಪಿಕಾರರಿಗೆ ಒದಗಿದ ಸಂಕಟವೇ ಒದಗಿತು. ಹಲವರು ಕೂಡಿ ಒಂದೇ ಬರಹವನ್ನು ತಿದ್ದುವಾಗ ಯಾರು, ಯಾವಾಗ, ಏನನ್ನು ಬದಲಿಸಿದರೆಂದು ಗುರುತಿಡಲು ಹುಟ್ಟಿದ ಸಾಧನಗಳಿಗೆ ಆವೃತ್ತಿ ನಿಯಂತ್ರಣ ತಂತ್ರಾಂಶಗಳೆಂದು ಹೆಸರು. ೧೯೭೨ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕ್ ರೋಚ್‌ಕಿಂಡ್ ಎಂಬವನು ಎಸ್‌ಸಿಸಿಎಸ್ ಎಂಬುದನ್ನು ರಚಿಸಿದನು. ೧೯೮೨ರ ಸುಮಾರಿಗೆ ವಾಲ್ಟರ್ ಟಿಶಿ ಎಂಬವನ ಆರ್‌ಸಿಎಸ್ ಬಂದಿತು. ಅದು ಇತ್ತೀಚಿನ ಪಾಠವನ್ನು ಪೂರ್ಣವಾಗಿಯೂ, ಹಿಂದಿನವನ್ನು ವ್ಯತ್ಯಾಸಗಳ ರೂಪದಲ್ಲಿಯೂ ಇಡುತ್ತಿತ್ತು. ತರುವಾಯ ಸಿವಿಎಸ್, ಸಬ್‌ವರ್ಶನ್ ಮೊದಲಾದವು ಬಂದವು. ಇವುಗಳಲ್ಲಿ ಪೂರ್ಣ ಇತಿಹಾಸವು ಒಂದು ಕೇಂದ್ರದಲ್ಲಿ ಇರುತ್ತಿತ್ತು, ಮೂಡಬಿದಿರೆಯ ಓಲೆಗಳಂತೆ.

೨೦೦೫ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬವನು ‘ಗಿಟ್’ ಎಂಬ ತಂತ್ರಾಂಶವನ್ನು ಆರಂಭಿಸಿದನು. ಅದೇ ವರ್ಷದ ಜುಲೈಯಿಂದ ಜೂನಿಯೋ ಹಮಾನೋ ಅದರ ಪಾಲಕನಾದನು. ಇದರಲ್ಲಿ ಪ್ರತಿಯೊಬ್ಬ ಕೆಲಸಗಾರನ ಬಳಿಯಲ್ಲಿಯೂ ಸಮಗ್ರ ಇತಿಹಾಸವು ಇರುವದು. ತಿದ್ದುಪಡಿಯೊಂದನ್ನು ದಾಖಲಿಸಿದಾಗ ತಿದ್ದಿದವನ ಹೆಸರು, ದಿನ, ವೇಳೆ, ತಿದ್ದಿದ ಕಾರಣ ಇವು ಅದರೊಡನೆ ಕೂಡುವವು. ಇದಕ್ಕೆ ‘ಕಮಿಟ್’ ಎನ್ನುವರು. ಓಲೆಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ತಿಥಿ, ತನ್ನ ಹೆಸರುಗಳನ್ನು ಬರೆಯುತ್ತಿದ್ದ ಪುಷ್ಪಿಕೆಯೇ ಇದು; ಆದರೆ ಇಲ್ಲಿ ಗ್ರಂಥಕ್ಕೆ ಒಂದಲ್ಲ, ತಿದ್ದುಪಡಿಗೊಂದು ಪುಷ್ಪಿಕೆ.

೪

ಗಿಟ್‌ನ ಆವೃತ್ತಿಗಳಲ್ಲಿ ಆದ ಸುಧಾರಣೆಗಳಲ್ಲಿ ಗ್ರಂಥಶೋಧಕನಿಗೆ ಬೋಧಪ್ರದವಾದ ಕೆಲವನ್ನು ಮಾತ್ರ ಪರಾಮರ್ಶಿಸುವೆನು.

(ಅ) ೨೦೧೪ರ ಮೇ ತಿಂಗಳಲ್ಲಿ ಬಂದ ೨.೦ ಆವೃತ್ತಿಗೆ ಮೊದಲು, ಕೆಲಸವನ್ನು ಹೊರಗೆ ಕಳಿಸುವ ‘ಪುಶ್’ ಎಂಬ ಆಜ್ಞೆಯು, ಬೇರೆ ನಿಯಮವಿಡದಿದ್ದಲ್ಲಿ, ಸಮಾನ ಹೆಸರಿನ ಎಲ್ಲ ಶಾಖೆಗಳನ್ನೂ ಕಳಿಸುತ್ತಿತ್ತು. ಅರ್ಧಮರ್ಧ ತಿದ್ದಿದ ಶಾಖೆಗಳೂ ಅರಿವಿಲ್ಲದೆ ಹೊರಟುಹೋಗುವ ಸಂಭವವಿತ್ತು. ೨.೦ ಆವೃತ್ತಿಯಿಂದ ಪ್ರಕೃತದಲ್ಲಿ ಕೈಗೊಂಡ ಶಾಖೆಯೊಂದೇ ಹೋಗುವಂತಾಯಿತು. ವಿಚಾರ ಪೂರ್ಣವಾಗದ ಪಾಠವನ್ನು ಪ್ರಕಟಿಸಬಾರದೆಂಬ ಸಂಯಮವೇ ಇದು.

(ಆ) ‘ಚೆಕ್‌ಔಟ್’ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿದ್ದವು: ಶಾಖೆಯಿಂದ ಶಾಖೆಗೆ ಹೋಗುವದು ಒಂದು, ಕಡತದಲ್ಲಿ ಮಾಡಿದ ಬದಲಾವಣೆಯನ್ನು ಅಳಿಸಿ ಹಿಂದಿನ ರೂಪಕ್ಕೆ ತರುವದು ಇನ್ನೊಂದು. ಮೊದಲನೆಯದನ್ನು ಮಾಡಹೋಗಿ ಎರಡನೆಯದನ್ನು ಮಾಡಿದವನ ಶ್ರಮವು ವ್ಯರ್ಥವಾಗುವದು. ೨೦೧೯ರ ಆಗಸ್ಟಿನ ೨.೨೩ ಆವೃತ್ತಿಯು ‘ಸ್ವಿಚ್’, ‘ರಿಸ್ಟೋರ್’ ಎಂಬ ಎರಡು ಶಬ್ದಗಳನ್ನು ಕೊಟ್ಟು ಅರ್ಥಗಳನ್ನು ಬಿಡಿಸಿತು. ನಾನಾರ್ಥವು ಕಾವ್ಯಕ್ಕೆ ಭೂಷಣ, ವಿಧಿವಾಕ್ಯಕ್ಕೆ ದೂಷಣ. ಹಳೆಯ ಶಬ್ದವನ್ನು ಬಳಸುವವರು ಅನೇಕರಿದ್ದುದರಿಂದ ಅದನ್ನು ಕಿತ್ತೊಗೆಯಲಿಲ್ಲ ಎಂಬುದೂ ಗಮನಿಸತಕ್ಕದ್ದು.

(ಇ) ಪ್ರತಿಯೊಂದು ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ತೋರಿಸುವ ‘ಬ್ಲೇಮ್’ ಎಂಬ ಆಜ್ಞೆಯುಂಟು. ಯಾರಾದರೂ ಕೇವಲ ಅಂತರಗಳನ್ನು ಸರಿಪಡಿಸಿದರೂ ಎಲ್ಲ ಸಾಲುಗಳೂ ಅವರ ಹೆಸರಿಗೇ ಬೀಳುತ್ತಿದ್ದವು. ಅದೇ ೨.೨೩ ಆವೃತ್ತಿಯಲ್ಲಿ ಅಂಥ ತಿದ್ದುಪಡಿಗಳನ್ನು ಗಣನೆಗೆ ಹಿಡಿಯದಂತೆ ಹೇಳುವ ಸೌಕರ್ಯವು ಬಂದಿತು. ಲಿಪಿಯನ್ನು ಮಾತ್ರ ಬದಲಿಸಿದ ಪ್ರತಿಕಾರನನ್ನು ಪಾಠದ ಕರ್ತೃವೆಂದು ಎಣಿಸಬಾರದೆಂಬುದು ನಮ್ಮವರಿಗೂ ಸಮ್ಮತವಾದ ನ್ಯಾಯ.

(ಈ) ಇಬ್ಬರು ಒಂದೇ ಸ್ಥಳವನ್ನು ಎರಡು ರೀತಿಯಿಂದ ತಿದ್ದಿದ್ದರೆ ಗಿಟ್ ತಾನಾಗಿ ನಿರ್ಣಯಿಸದೆ ಎರಡೂ ಪಾಠಗಳನ್ನು ಎದುರುಬದುರಾಗಿ ಇಡುವದು. ಅವುಗಳ ನಡುವೆ ಇಬ್ಬರಿಗೂ ಮೂಲವಾದ ಪಾಠವನ್ನು ತೋರಿಸುವ ಕ್ರಮವೂ ಇತ್ತು, ೨೦೨೨ರ ೨.೩೫ ಆವೃತ್ತಿಯಲ್ಲಿ, ಇಬ್ಬರಲ್ಲಿಯೂ ಸಮಾನವಾದುದನ್ನು ಕಲಹದ ಹೊರಗಿಟ್ಟು ತೋರಿಸುವ ಹೆಚ್ಚು ಅಡಕವಾದ ಕ್ರಮವು ಸೇರಿತು. ಎರಡು ಪ್ರತಿಗಳ ಭೇದವನ್ನು ಅವುಗಳ ಸಾಮಾನ್ಯ ಮಾತೃಕೆಯ ಸಹಾಯದಿಂದ ಬಿಡಿಸುವ ವಂಶವೃಕ್ಷಪದ್ಧತಿಯೇ ಇಲ್ಲಿ ಕಾಣುವದು.

(ಉ) ಗಿಟ್ ಪ್ರತಿಯೊಂದು ಕಮಿಟ್ಟಿಗೆ ಅದರ ವಸ್ತುವಿನಿಂದಲೂ ಅದರ ಪೂರ್ವಜದ ಹೆಸರಿನಿಂದಲೂ ಗಣಿಸಿದ ೪೦ ಸಂಕೇತಗಳ ಗುರುತನ್ನು ಕೊಡುವದು. ನಡುವಿನ ಒಂದು ಅಕ್ಷರ ಬದಲಾದರೂ ಮುಂದಿನ ಗುರುತುಗಳೆಲ್ಲ ಬದಲಾಗುವವು. ಜೈನ ಲಿಪಿಕಾರರು ೩೨ ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೊನೆಯಲ್ಲಿ ‘ಗ್ರಂಥಾಗ್ರ’ವನ್ನು ಬರೆಯುತ್ತಿದ್ದುದರಿಂದಲೂ ಗ್ರಂಥದ ಪ್ರಮಾಣವನ್ನು ತಾಳೆನೋಡಬಹುದಾಗಿತ್ತು, ಆದರೆ ಅದು ಲೋಪವನ್ನು ಹಿಡಿಯುವದೇ ಹೊರತು ಅಕ್ಷರವ್ಯತ್ಯಯವನ್ನು ಹಿಡಿಯದು. ೨೦೧೭ರ ಫೆಬ್ರುವರಿಯಲ್ಲಿ, ಗಿಟ್ ಬಳಸುವ ಎಸ್‌ಎಚ್‌ಎ-೧ ಗಣನೆಯಿಂದ ಎರಡು ಭಿನ್ನ ಕಡತಗಳಿಗೆ ಒಂದೇ ಗುರುತು ಬರುವಂತೆ ಮಾಡಬಹುದೆಂದು ಸಂಶೋಧಕರು ಸಾಧಿಸಿ ತೋರಿಸಿದರು. ಅದೇ ವರ್ಷದ ೨.೧೩ ಆವೃತ್ತಿಯಲ್ಲಿ ಅಂಥ ವಂಚನೆಯನ್ನು ಪತ್ತೆಹಚ್ಚುವ ಗಣನೆಯೂ, ೨೦೨೦ರ ೨.೨೯ ಆವೃತ್ತಿಯಲ್ಲಿ ೬೪ ಸಂಕೇತಗಳ ಎಸ್‌ಎಚ್‌ಎ-೨೫೬ ಗುರುತು ಪ್ರಯೋಗರೂಪದಲ್ಲಿಯೂ ಸೇರಿದವು.

೫

ಕನ್ನಡ ಬರಹಕ್ಕೆ ಈ ಸಾಧನವನ್ನು ಬಳಸುವವರು ಎರಡು ಸಂಗತಿಗಳನ್ನು ಅರಿತಿರಬೇಕು. ಗಿಟ್ ಸ್ವಭಾವತಃ ಸಾಲುಸಾಲಾಗಿ ಭೇದವನ್ನು ತೋರಿಸುವದು. ಗದ್ಯದ ಇಡೀ ಪರಿಚ್ಛೇದವು ಯಂತ್ರಕ್ಕೆ ಒಂದೇ ಸಾಲು. ಒಂದು ವಿಭಕ್ತಿಯನ್ನು ತಿದ್ದಿದರೂ ಪರಿಚ್ಛೇದವೆಲ್ಲ ಬದಲಾಯಿತೆನ್ನುವದು. ೨೦೧೦ರಲ್ಲಿ ಸೇರಿದ ಪದಭೇದದ ಕ್ರಮವು ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದೆ.

ಎರಡನೆಯದು ಅಕ್ಷರಸಂಕೇತದ ಮಾತು. ಯೂನಿಕೋಡ್‌ನಲ್ಲಿ ‘ಕೊ’ ಎಂಬುದರ ಓತ್ವವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು. ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ. ಗಿಟ್ ಕಡತದೊಳಗಿನ ಇಂಥ ರೂಪಗಳನ್ನು ಏಕೀಕರಿಸುವದಿಲ್ಲ. ಆದುದರಿಂದ ಇಲ್ಲದ ಪಾಠಾಂತರಗಳು ಹುಟ್ಟಿಕೊಳ್ಳುವವು. ಮೊದಲ ಕಮಿಟ್ಟಿಗಿಂತ ಮುಂಚೆಯೇ ಪ್ರತಿಯ ಸಂಕೇತಗಳನ್ನು ಒಂದೇ ಕ್ರಮಕ್ಕೆ ತಂದುಕೊಳ್ಳುವದು ವಿಹಿತ.

೬

ಇಷ್ಟೆಲ್ಲ ಹೇಳಿದರೂ ಯಂತ್ರವು ಸಂಪಾದಕನಲ್ಲ. ಯಾವ ಪಾಠವು ಸಾಧು, ಯಾವುದು ಪ್ರಕ್ಷಿಪ್ತ ಎಂಬುದನ್ನು ಗಿಟ್ ಹೇಳಲಾರದು. ಉಪಾಧ್ಯೆಯವರು ಪ್ರಸ್ತಾವನೆಗಳಲ್ಲಿ ಮಾಡಿದ ವಿಚಾರವನ್ನು ಮನುಷ್ಯನೇ ಮಾಡಬೇಕು. ದಾಖಲಿಸದೆ ತಿದ್ದಿದ್ದನ್ನು ಅದು ಕಾಣದು. ಇತಿಹಾಸವನ್ನೇ ಮರುಬರೆದು ಬಲಾತ್ಕಾರದಿಂದ ಹೇರುವ ಆಜ್ಞೆಗಳೂ ಅದರಲ್ಲಿ ಇರುವವು. ಆದರೆ ಹಳೆಯ ಇತಿಹಾಸದ ಪ್ರತಿಗಳು ಇತರರ ಬಳಿಯಲ್ಲಿದ್ದರೆ ಆ ಕೃತ್ಯವು ಬಯಲಿಗೆ ಬೀಳುವದು.

ಹೀಗಿರಲಾಗಿ ಸಿದ್ಧವಾಗುವ ಅರ್ಥವು ಇಷ್ಟು: ತಿದ್ದುಪಡಿಯು ದೋಷವಲ್ಲ, ತಿದ್ದಿದುದನ್ನು ಮರೆಸುವದು ದೋಷ. ಹಿಂದಿನ ಪಾಠವನ್ನೂ ತಿದ್ದಿದವನ ಹೆಸರನ್ನೂ ಉಳಿಸಿಕೊಂಡ ತಿದ್ದುಪಡಿಗೆ ಮಾತ್ರ ಸುಧಾರಣೆ ಎಂಬ ಹೆಸರು ಸಲ್ಲುವದು. ಗಡಿನಾಡಿನ ನಮ್ಮ ವಹಿಗಳಲ್ಲಿಯ ಕನ್ನಡವು ವ್ಯಾಕರಣಗಳಲ್ಲಿಲ್ಲದ ರೂಪಗಳಿಂದ ತುಂಬಿರುವದು. ಅವು ಅಶುದ್ಧವೆಂದು ನಮಗೆ ತೋರಿದಷ್ಟೂ ಅವುಗಳನ್ನು ಕಾಯುವ ಹೊಣೆಯು ಹೆಚ್ಚು.

ಈ ಲೇಖಕನು ಈಗ ತನ್ನ ಸೋದರಳಿಯನಿಂದ ಗಿಟ್ ಕಲಿತು, ಕೆಟ್ಟು ಉಳಿದ ಆ ತತ್ತ್ವಪದಗಳ ಪ್ರತಿಯನ್ನು ಅದರಲ್ಲಿ ಇರಿಸಿದ್ದಾನೆ. ಮೊದಲನೆಯ ಕಮಿಟ್ಟಿನಲ್ಲಿ ತನ್ನ ಅಪರಾಧವನ್ನು ಬರೆದಿದ್ದಾನೆ. ಮೇಳದವರು ಹಾಡಿದಂತೆ ಒಂದೊಂದು ಪದವನ್ನೂ ತಿದ್ದಿ, ಹಾಡಿದವರ ಹೆಸರನ್ನೂ ದಿನವನ್ನೂ ಪ್ರತಿಯೊಂದು ತಿದ್ದುಪಡಿಯೊಡನೆ ದಾಖಲಿಸುತ್ತಿದ್ದಾನೆ. ಮೇಳದ ಹಿರಿಯರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ. ಪದಗಳು ಇನ್ನೂ ನಲವತ್ತರ ಮೇಲೆ ಇವೆ. ಆ ಸಂಪೂರ್ಣ ಕೋಶದ ಪ್ರತಿಗಳನ್ನು ಮೂರು ಬೇರೆ ಊರುಗಳಲ್ಲಿ, ನದಿಯಿಂದ ದೂರವಾಗಿ, ಇರಿಸಲಾಗಿದೆ.